ಕತ್ತರಿ ಪೆಟ್ಟಿಗೆಯ ಮೇಲೆ ಕುಳಿತ ಮಾಲತಿ

ಇದಕ್ಕೆ ನಾನು ಏನು ತೆತ್ತೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಮೆಮೊ, ಒಂದು ವರ್ಷ ತಡವಾಗಿ ಬಂದ ಬಡ್ತಿ, ಮತ್ತು ಚೌಕಾಸಿಯಲ್ಲಿ ನನ್ನನ್ನು ಸೋಲಿಸುವವರು ಹುಟ್ಟಿಲ್ಲ ಎಂಬ ಬಹುಕಾಲದ ಜಂಬ. ಯಾಕೆ ತೆತ್ತೆ ಎಂದರೆ, ಮಾತನಾಡಬೇಕಾದವಳನ್ನು ಎದುರಿಗೇ ಕೂರಿಸಿಕೊಂಡು ಪಕ್ಕದವನ ಜೊತೆ ಮಾತನಾಡಿದ್ದಕ್ಕೆ. ಮೂರರಲ್ಲಿ ಯಾವುದೂ ದುಬಾರಿ ಅನ್ನಿಸಲಿಲ್ಲ. ಆ ನಲವತ್ತೈದು ದಿನಗಳನ್ನು ನೆನೆದರೆ ಇವತ್ತಿಗೂ ನನಗೆ ಕುರ್ಚಿಯಲ್ಲಿ ಸುಮ್ಮನೆ ಕೂರಲು ಆಗುವುದಿಲ್ಲ.

ಅದು 1986. ಕಲ್ಕತ್ತೆಯ ಸಾಲ್ಟ್ ಲೇಕಿನಲ್ಲಿ ಕೇಂದ್ರ ಸರಕಾರದ ಒಂದು ಉದ್ಯಮದ ಕಚೇರಿ. ಅಲ್ಲಿ ನಾನು ಪರ್ಚೇಸ್ ಆಫೀಸರ್. ಉಡುಪಿಯ ಕಡೆಯಿಂದ ಮದುವೆಯಾಗಿ ಬಂದವಳು. ಗಂಡನಿಗೆ ಬ್ಯಾಂಕಿನ ನೌಕರಿ, ಮನೆ ಬಾಲಿಗಂಜಿನಲ್ಲಿ. ಟೈಪಿಸ್ಟಾಗಿ ಸೇರಿ, ಇಲಾಖೆಯ ಪರೀಕ್ಷೆಗಳನ್ನು ಒಂದೊಂದಾಗಿ ಕಟ್ಟಿ ಆ ಕುರ್ಚಿಗೆ ಏರಿದ್ದೆ. ಬಂಗಾಳಿ ಓದಲು ಕಲಿತದ್ದು ಬಸ್ಸಿನ ಬೋರ್ಡುಗಳಿಂದ, ಮಾತನಾಡಲು ಕಲಿತದ್ದು ಮೀನು ಮಾರುಕಟ್ಟೆಯಲ್ಲಿ. ಹಿಲ್ಸಾ ಮಾರುವವನೊಂದಿಗೆ ಗುದ್ದಾಡಿ ಗೆದ್ದವಳಿಗೆ ಟೆಂಡರ್ ಕಮಿಟಿ ಏನು ಮಹಾ!

ನಮ್ಮ ಸಂಸ್ಥೆಯಲ್ಲಿ ಅಧಿಕಾರಿಗಳನ್ನು ಬಿಟ್ಟು 412 ಮಹಿಳಾ ಸಿಬ್ಬಂದಿ ಇದ್ದರು. ವರ್ಷಕ್ಕೊಮ್ಮೆ ಎಲ್ಲರಿಗೂ ಸಮವಸ್ತ್ರದ ಸೀರೆ, ಜೊತೆಗೆ ಹೊಲಿದ ಎರಡು ಬ್ಲೌಸ್. ಹಿಂದಿನ ವರ್ಷದ ಕಂಟ್ರಾಕ್ಟರ್ ಮೂರೇ ಮೂರು ಸೈಜಿನಲ್ಲಿ ಎಲ್ಲವನ್ನೂ ಹೊಲಿದು ಸುರಿದಿದ್ದ. ಯೂನಿಯನ್ನಿನ ಮುಂದಾಳು ಪ್ರತಿಮಾದಿ, ಅಂದರೆ ಪ್ರತಿಮಾ ಅಕ್ಕ, ಬಿಡುವರೆ? ಮರದ ಸ್ಕೇಲುಗಳ ತುದಿಗೆ ಬ್ಲೌಸುಗಳನ್ನು ಬಾವುಟದ ಹಾಗೆ ಸಿಕ್ಕಿಸಿ, ಹೆಂಗಸರನ್ನೆಲ್ಲ ಕಾರಿಡಾರಿನಲ್ಲಿ ಮೆರವಣಿಗೆ ಹೊರಡಿಸಿದರು. "ಚೊಲ್ಬೆ ನಾ, ಚೊಲ್ಬೆ ನಾ! ಈ ಬ್ಲೌಸ್ ಚೊಲ್ಬೆ ನಾ!" ನಡೆಯುವುದಿಲ್ಲ ಎಂದರೆ ನಡೆಯುವುದಿಲ್ಲ. ಆಡಳಿತ ಮಂಡಳಿ ಕೈಯೆತ್ತಿತು. ಈ ವರ್ಷ ಒಬ್ಬೊಬ್ಬರ ಅಳತೆಗೇ ಹೊಲಿಸುತ್ತೇವೆ, ದುರ್ಗಾಪೂಜೆಗೆ ಮೊದಲೇ ಕೊಡುತ್ತೇವೆ ಎಂದು ಬರೆದುಕೊಟ್ಟಿತು. ಬರೆದುಕೊಟ್ಟವರು ಅವರು, ಮಾಡಿಸಬೇಕಾದವಳು ನಾನು. ಒಟ್ಟು 824 ಬ್ಲೌಸ್.

ಟೆಂಡರಿನಲ್ಲಿ ಎಲ್-ಒನ್, ಅಂದರೆ ಎಲ್ಲರಿಗಿಂತ ಕಡಿಮೆ ದರ ನಮೂದಿಸಿದವರು, ಬಾಲಿಗಂಜ್ ಸ್ಟೇಷನ್ನಿನ ಹಿಂದಿನ ಒಂದು ಕೋಣೆಯ ಹೊಲಿಗೆ ಘಟಕದವರು. ಹನ್ನೆರಡು ಮಂದಿ ಹೆಂಗಸರು. ಹನ್ನೆರಡೂ ಮಂದಿಗೆ ಕಿವಿ ಕೇಳಿಸದು. ಆಗಿನ ಕಡತಗಳಲ್ಲಿ ನಾವು 'ಡೆಫ್ ಅಂಡ್ ಡಂಬ್' ಎಂದು ಬರೆಯುತ್ತಿದ್ದೆವು. ನಾನೂ ಬರೆದಿದ್ದೇನೆ, ಒಪ್ಪಿಕೊಳ್ಳುತ್ತೇನೆ. ಅವರ ಮಾದರಿ ಬ್ಲೌಸನ್ನು ಒಳಮಗ್ಗುಲು ತಿರುವಿ ನೋಡಿದೆ. ತೋಳು ಕೂಡುವ ಜಾಗದಲ್ಲಿ ಒಂದೇ ಒಂದು ಸುಕ್ಕಿಲ್ಲ. ಕೆಲಸ ಇವರಿಗೇ ಎಂದು ಮನಸ್ಸು ಅಲ್ಲೇ ತೀರ್ಮಾನಿಸಿತ್ತು.

ಮಾತುಕತೆಗೆ ಬಂದವರು ಇಬ್ಬರು. ಘಟಕದ ಕಾರ್ಯದರ್ಶಿ ಹಾಲ್ದಾರ್‌ಬಾಬು, ಕಿವಿ ಬಾಯಿ ಎರಡೂ ಚುರುಕಾಗಿದ್ದ ಐವತ್ತರ ಗಂಡಸು. ಮತ್ತು ಮುಖ್ಯ ಹೊಲಿಗೆಗಾರ್ತಿ ಮಾಲತಿ, ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ. ಹಾಲ್ದಾರ್‌ಬಾಬು ನಲವತ್ತೈದು ದಿನ ಕೇಳಿದರು. ನಾನು ಮೂವತ್ತು ಎಂದೆ. ಅವರು ಎದೆ ಮುಟ್ಟಿಕೊಂಡರು, ನಾನು ಕಡತ ಮುಚ್ಚಿದೆ. ಕಡೆಗೆ ಮೂವತ್ತೈದಕ್ಕೆ ಬಂದು ನಿಂತಿತು. ಅಷ್ಟು ಹೊತ್ತೂ ಮಾಲತಿ ನನ್ನ ಮುಖ, ಅವರ ಮುಖ ಎಂದು ಬ್ಯಾಡ್ಮಿಂಟನ್ ನೋಡುವವರ ಹಾಗೆ ಕತ್ತು ತಿರುಗಿಸುತ್ತಿದ್ದಳು. "ಇವರಿಗೆ ಆಗುತ್ತದೆಯೇ?" ಎಂದು ನಾನು ಕೇಳಿದ್ದೂ ಹಾಲ್ದಾರ್‌ಬಾಬುವನ್ನೇ. "ಎಕ್ದಮ್ ಆಗುತ್ತೆ ದಿದಿ, ನಾನು ಹೇಳಿದ್ದಕ್ಕೆ ಇವರು ಇಲ್ಲ ಅನ್ನೋದಿಲ್ಲ." ಮಾಲತಿಗೆ ನಾನು ಕೊಟ್ಟದ್ದು ಒಂದು ಕಪ್ ಚಹಾ ಮಾತ್ರ. ಹತ್ತು ದಿನ ಹಿಂಡಿದ ಖುಷಿಯಲ್ಲಿ ಅಂದು ಮನೆಗೆ ದೊಡ್ಡ ಮೀನನ್ನೇ ಒಯ್ದೆ.

ಆಗಸ್ಟ್ ನಾಲ್ಕರಂದು ಆರ್ಡರ್ ಹೊರಟಿತು. ಸೆಪ್ಟೆಂಬರ್ ಎಂಟಕ್ಕೆ ಮಾಲು ಬರಬೇಕು. ಅಳತೆಗಳನ್ನು ನಮ್ಮ ಕಚೇರಿಯ ಗುಮಾಸ್ತನೇ ರಿಜಿಸ್ಟರಿನಲ್ಲಿ ಬರೆದು ಕಳಿಸಿದ. ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ಹಾಲ್ದಾರ್‌ಬಾಬು "ಮಷಿನ್ ಓಡ್ತಾ ಇದೆ ದಿದಿ" ಎಂದರು. ಆದರೂ ಹದಿನಾರನೆಯ ದಿನ, ಆಫೀಸಿಗೆ ಹೋಗುವ ದಾರಿಯಲ್ಲಿ, ಹೇಳದೆ ಕೇಳದೆ ಹೋದೆ. ಹೇಳಿ ಹೋದರೆ ಕಾಣುವುದು ಗುಡಿಸಿದ ನೆಲ ಮಾತ್ರ.

ಹನ್ನೆರಡು ಕಾಲ್ಮೆಟ್ಟಿನ ಯಂತ್ರಗಳು. ಒಂದೂ ಓಡುತ್ತಿರಲಿಲ್ಲ. ಬಟ್ಟೆಯ ಥಾನುಗಳು ಕಟ್ಟು ಬಿಚ್ಚದೆ ಗೋಡೆಗೆ ಒರಗಿದ್ದವು. ಕೋಣೆಯ ನಡುವೆ ಒಂದು ಮರದ ಪೆಟ್ಟಿಗೆ, ಅದರ ಮೇಲೆ ಕಾಲ ಮೇಲೆ ಕಾಲು ಹಾಕಿ ಮಾಲತಿ. ಪೆಟ್ಟಿಗೆಯ ಮುಂದೆ ಹಾಲ್ದಾರ್‌ಬಾಬು ಕೈಮುಗಿದು ನಿಂತಿದ್ದರು. ನನ್ನನ್ನು ಕಂಡು ಅವರ ಕೈ ಹಾಗೆಯೇ ನನ್ನ ಕಡೆ ತಿರುಗಿತು.

"ಕತ್ತರಿಗಳೆಲ್ಲ ಆ ಪೆಟ್ಟಿಗೆಯಲ್ಲಿವೆ ದಿದಿ. ಹನ್ನೊಂದು ದಿನ ಆಯ್ತು, ಏಳೋದೇ ಇಲ್ಲ. ಊಟಕ್ಕೆ ಹೋದರೆ ಇನ್ನೊಬ್ಬಳನ್ನು ಕೂರಿಸಿ ಹೋಗ್ತಾಳೆ. ಇವರಿಗೆ ಏನೂ ಅರ್ಥ ಆಗೋಲ್ಲ, ಹಠ ಒಂದೇ."

ನನಗೆ ಸಿಟ್ಟು ನೆತ್ತಿಗೇರಿತು. ಮಾಲತಿಯ ಮುಂದೆ ನಿಂತು ನನ್ನ ಮೀನು ಮಾರುಕಟ್ಟೆಯ ಬಂಗಾಳಿಯಲ್ಲಿ ಜೋರಾಗಿ ಕೇಳಿದೆ, ಇದೇನು ಆಟ ಅಂತ. ಅವಳು ನನ್ನ ತುಟಿಯನ್ನೇ ಗಮನವಿಟ್ಟು ನೋಡಿದಳು. ಆಮೇಲೆ ಸೀಮೆಸುಣ್ಣ ತೆಗೆದು ಪೆಟ್ಟಿಗೆಯ ಪಕ್ಕಕ್ಕೆ ಬರೆದಳು. ಬಸ್ ಬೋರ್ಡಿನ ವೇಗದಲ್ಲಿ ಅಕ್ಷರ ಕೂಡಿಸಿ ಓದಿದೆ: "ನೀವು ಬಂಗಾಳಿ ಮಾತಾಡ್ತಿದ್ದೀರೋ, ಬಿಸಿ ಆಲೂ ತಿನ್ತಿದ್ದೀರೋ?"

ಹನ್ನೊಂದು ಮಂದಿ ನಕ್ಕರು. ನನ್ನ ಸಿಟ್ಟು ಎಲ್ಲಿ ಹೋಯಿತೋ, ನಾನೂ ನಕ್ಕೆ. ನಗು ನಿಂತ ಮೇಲೆ ಅವಳು ರಿಜಿಸ್ಟರ್ ತೆರೆದು ನನ್ನ ಕೈಗಿಟ್ಟು, ಅಂಚಿನಲ್ಲಿ ಒಂದು ಸಾಲು ಬರೆದಳು: "ಈ ಅಳತೆಯಲ್ಲಿ ಹೆಂಗಸರಿಲ್ಲ."

ಪುಟ ತಿರುವಿದೆ. ಎದೆ ಮೂವತ್ತೆರಡು, ಮೂವತ್ತನಾಲ್ಕು, ಮೂವತ್ತೆರಡು, ಮೂವತ್ತನಾಲ್ಕು. ಭುಜ ಎಲ್ಲರಿಗೂ ಒಂದೇ. ತೋಳಿನ ಸುತ್ತಳತೆ, ನಮ್ಮ ಕ್ಯಾಂಟೀನ್ ಅಡಿಗೆಮನೆಯ ದೈತ್ಯೆ ಶಾಂತಾಮಾಸಿಗೂ ಕಡ್ಡಿಯಂಥ ಟೈಪಿಸ್ಟ್ ಹುಡುಗಿಗೂ ಒಂದೇ. ನನಗೆ ಥಟ್ಟನೆ ಹೊಳೆಯಿತು. ನಮ್ಮ ಗುಮಾಸ್ತ ನಾಚಿಕೆಯ ಮನುಷ್ಯ. ಹೆಂಗಸರಿಗೆ ಟೇಪು ಹಿಡಿಯುವುದು ಅವನಿಂದಾಗುವ ಕೆಲಸವಲ್ಲ. ಪರದೆಯ ಈಚೆ ಮೇಜು ಹಾಕಿ ಕುಳಿತು, "ನಿಮ್ಮ ಅಳತೆ ಹೇಳಿ" ಎಂದಿದ್ದಾನೆ. ಇಡೀ ಕಾರಿಡಾರಿನ ಎದುರು ಯಾವ ಹೆಂಗಸು ನಿಜ ಹೇಳುತ್ತಾಳೆ? ಬಾಯಿಗೆ ಬಂದ ಅಂದದ ಸಂಖ್ಯೆ ಹೇಳಿದ್ದಾರೆ, ಇಲ್ಲವೆ "ಹೋದ ವರ್ಷದ್ದೇ" ಎಂದಿದ್ದಾರೆ. ಹೋದ ವರ್ಷದ್ದಕ್ಕೇ ಅಲ್ಲವೆ ಮೆರವಣಿಗೆ ಹೊರಟದ್ದು!

ಮಾಲತಿ ಇದನ್ನು ಮೊದಲ ದಿನವೇ ಕಂಡಿದ್ದಳು. ಹಾಲ್ದಾರ್‌ಬಾಬುಗೆ ತೋರಿಸಿದ್ದಳು. ಅವರು, ಆರ್ಡರ್ ತಪ್ಪೀತು ಎಂಬ ಭಯಕ್ಕೆ, ಸುಮ್ಮನೆ ಕತ್ತರಿಸು ಎಂದಿದ್ದರು. ಐದು ದಿನ ವಾದ ಮಾಡಿ, ಬಟ್ಟೆ ಹಾಳಾಗದಿರಲೆಂದು ಆಕೆ ಕತ್ತರಿಗಳನ್ನು ಬಂಧಿಸಿದ್ದಳು. ನನ್ನ ಜೀವಮಾನದಲ್ಲಿ ಕಂಡ ಅತ್ಯುತ್ತಮ ಕ್ವಾಲಿಟಿ ಕಂಟ್ರೋಲ್ ಅದು.

ಹಾಲ್ದಾರ್‌ಬಾಬುವನ್ನು ಹೊರಗೆ ಚಹಾಕ್ಕೆ ಕಳಿಸಿ, ಅವಳ ಎದುರು ಸ್ಟೂಲ್ ಎಳೆದು ಕೂತೆ. ಆಗ ಗೊತ್ತಾಯಿತು, ಏನು ಪಣಕ್ಕಿದೆ ಎಂದು. ಆ ಕೋಣೆ ಘಟಕವನ್ನು ನಡೆಸುವ ಸಮಿತಿಯದ್ದು. ಈ ಆರ್ಡರ್ ತಪ್ಪಿದರೆ ಘಟಕ ಮುಚ್ಚಿ ಕೋಣೆ ಖಾಲಿ ಮಾಡಿಸುವುದೆಂದು ಸಮಿತಿ ನಿರ್ಧರಿಸಿಯಾಗಿತ್ತು. ಹನ್ನೆರಡು ಮಂದಿಯೂ ತಂತಮ್ಮ ಮನೆಗೆ. ಮಾಲತಿ ಬರ್ಧಮಾನದ ಅಣ್ಣನ ಮನೆಗೆ. ಅಲ್ಲಿ ಹೇಗಿರುತ್ತದೆ ಎಂದು ಬರೆದು ಕೇಳಿದೆ. ಅವಳ ಉತ್ತರ ಒಂದೇ ಸಾಲು: "ಅಲ್ಲಿ ಪಾತ್ರೆ ಇದೆ, ಮಷಿನ್ ಇಲ್ಲ."

ಸರಿ, ಚೌಕಾಸಿ ಶುರು. ಅಳತೆ ಹೊಸದಾಗಿ, ಅವರ ಕೈಯಿಂದಲೇ ಆಗಬೇಕು, ಅದಕ್ಕೆ ಒಪ್ಪಿದೆ. ಹೆಚ್ಚಿನ ದಿನ ಎಷ್ಟು? ಮನಸ್ಸಿನಲ್ಲಿ ಹತ್ತು ಇಟ್ಟುಕೊಂಡು, ಇಪ್ಪತ್ತು ವರ್ಷ ಪಳಗಿಸಿದ ಕಲ್ಲಿನ ಮುಖ ಮಾಡಿ, ನಾಲ್ಕು ಬೆರಳು ತೋರಿಸಿದೆ. ಅವಳು ನನ್ನನ್ನು ನೋಡುತ್ತಲೇ ಇದ್ದಳು. ಮೆಲ್ಲನೆ ಎರಡೂ ಕೈ ಎತ್ತಿ ಹತ್ತು ಬೆರಳು ಬಿಡಿಸಿದಳು. ನಾನು ಐದು. ಅವಳು ಹತ್ತು. ನಾನು ಆರು ತೋರಿಸಿ ಬ್ಯಾಗ್ ಹೆಗಲಿಗೇರಿಸಿ ಎದ್ದೆ. ಈ ವರಸೆಗೆ ಮೀನಿನವರೇ ಸೋಲುತ್ತಾರೆ. ಅವಳು ನಗುತ್ತಾ ಬರೆದಳು: "ನಿಮ್ಮ ಕೈ ನಾಲ್ಕು ಅಂದಾಗ ನಿಮ್ಮ ಕಣ್ಣು ಗೋಡೆಯ ಕ್ಯಾಲೆಂಡರಿನಲ್ಲಿ ಹದಿನೆಂಟಕ್ಕೆ ಹೋಗಿ ನಿಂತಿತು."

ಎಂಟಕ್ಕೆ ಹತ್ತು ಕೂಡಿದರೆ ಹದಿನೆಂಟು. ಬ್ಯಾಗ್ ಕೆಳಗಿಟ್ಟು ಕೂತೆ. ಹುಟ್ಟಿದಾಗಿನಿಂದ ಮುಖಗಳನ್ನು ಓದಿ ಬದುಕಿದವಳ ಎದುರು ನನ್ನ ಕಲ್ಲಿನ ಮುಖ ಗಾಜಿನದ್ದಾಗಿತ್ತು. ಹಾಲ್ದಾರ್‌ಬಾಬು ಮೊದಲು ಕೇಳಿದ ನಲವತ್ತೈದು ದಿನವೇ ಸರಿಯಾದ ಲೆಕ್ಕ, ಅದನ್ನು ಹಾಕಿಕೊಟ್ಟವಳೂ ಇವಳೇ.

ನಾನು ಸೋತದ್ದು ಖಾತ್ರಿಯಾದ ಮೇಲೆ ಅವಳು ಇನ್ನೊಂದು ಕೇಳಿದಳು. ದರ ಏರಿಸಿ ಎನ್ನುತ್ತಾಳೆಂದು ಕಾದಿದ್ದೆ. ಬರೆದದ್ದು ಬೇರೆ: "ನಿಮ್ಮಲ್ಲಿ ಲೇಡಿ ಡಾಕ್ಟರ್ ಇದ್ದಾರಂತೆ. ಒಂದು ದಿನ ನಮಗೆ ಬೇಕು. ಹಾಲ್ದಾರ್‌ಬಾಬು ಇಲ್ಲದೆ."

ನಮ್ಮ ಡಿಸ್ಪೆನ್ಸರಿ ಹೊರಗಿನವರಿಗೆ ತೆರೆಯುತ್ತಿರಲಿಲ್ಲ. ಆದರೆ ನಿಯಮ ಪುಸ್ತಕವನ್ನು ನನ್ನಷ್ಟು ಪ್ರೀತಿಯಿಂದ ಓದಿದವರು ಕಡಿಮೆ. ಕಂಟ್ರಾಕ್ಟರಿನ ಕೆಲಸಗಾರರು ಆವರಣದೊಳಗೆ ಕೆಲಸ ಮಾಡುವುದಾದರೆ ನಮ್ಮ ವೈದ್ಯರು ಅವರನ್ನು ಪರೀಕ್ಷಿಸತಕ್ಕದ್ದು ಎಂದು ಅಲ್ಲಿ ಬರೆದಿತ್ತು. ಅಳತೆ ತೆಗೆಯಲು ಅವರು ಆವರಣಕ್ಕೆ ಬರುತ್ತಾರಲ್ಲ! ಮಾಲತಿಯ ಕೈ ಕುಲುಕಿದೆ. ಅವಳು ಪೆಟ್ಟಿಗೆಯಿಂದ ಎದ್ದಳು.

ಮುಂದಿನ ಗೋಡೆ ಫೈನಾನ್ಸ್. ತಿದ್ದುಪಡಿ ಪತ್ರಕ್ಕೆ ಕಂಟ್ರಾಕ್ಟರಿನ ಕಡೆಯಿಂದ ಸಹಿ ಬೇಕು. ಸಮಿತಿಗೆ ಹೆದರಿದ ಹಾಲ್ದಾರ್‌ಬಾಬು ಸಹಿ ಹಾಕಲಾರೆ ಎಂದರು. ಘಟಕದ ಕಾಗದಗಳಲ್ಲಿ ಸಹಿ ಹಾಕಬಲ್ಲವರ ಪೈಕಿ ಮಾಲತಿಯ ಹೆಸರೂ ಇತ್ತು; ಹಾಗಿದ್ದರೆ ಅವಳೇ ಹಾಕಲಿ ಎಂದೆ. ಫೈನಾನ್ಸಿನ ಚಕ್ರವರ್ತಿ ಸಾಹೇಬರು ಕನ್ನಡಕ ತೆಗೆದರು.

"ಕಿವುಡಿಯ ಸಹಿ ನಡೆಯೋಲ್ಲ ಮೇಡಂ. ಗಾರ್ಡಿಯನ್ ಬೇಕು."

"ಯಾವ ನಿಯಮ ಸರ್?"

"ಪದ್ಧತಿ."

"ಪದ್ಧತಿಯ ಪುಟಸಂಖ್ಯೆ ಕೊಡಿ, ಕಡತದಲ್ಲಿ ಬರೆಯಬೇಕು."

ಒಂದು ದಿನವೆಲ್ಲ ಹುಡುಕಿಸಿದರು. ಪುಟ ಸಿಗಲಿಲ್ಲ. ಕಡೆಗೆ, ಅವಳು ಓದಿ ಅರ್ಥಮಾಡಿಕೊಂಡಿದ್ದಾಳೆ ಎಂದು ನೀವು ಬರೆದುಕೊಡಿ ಎಂದರು. "ಉಳಿದ ಕಂಟ್ರಾಕ್ಟರುಗಳು ಓದ್ತಾರೆ ಅಂತ ಯಾರು ಬರೆದುಕೊಡ್ತಾರೆ ಸರ್?" ಎಂದೆ. ಅವರೇ ನಕ್ಕುಬಿಟ್ಟರು. ಪತ್ರದ ಬಂಗಾಳಿ ಪ್ರತಿ ಮಾಡಿಸಿ ಮಾಲತಿಗೆ ಕೊಟ್ಟೆ. ಅವಳು ಬೆರಳಿಟ್ಟು ಪ್ರತಿ ಸಾಲನ್ನೂ ಓದಿ, ಒಂದು ಕಡೆ ನಿಂತು, ಪೆನ್ಸಿಲ್ಲಿನಿಂದ ಸುತ್ತು ಹಾಕಿದಳು. 824 ಇರಬೇಕಾದಲ್ಲಿ 842 ಎಂದಿತ್ತು. ನಮ್ಮ ಇಲಾಖೆಯ ಮೂವರು ನೋಡಿ ಸಹಿ ಹಾಕಿದ್ದ ಕಾಗದ. ಚಕ್ರವರ್ತಿ ಸಾಹೇಬರು ಸಹಿಯ ಜಾಗ ತೋರಿಸಿದರು. ದಿನಗಳನ್ನು ಏರಿಸಲು ಮೊದಲೇ ಅನುಮತಿ ಕೇಳಿರಲಿಲ್ಲವೆಂದು ನನಗೆ ಮೆಮೊ ಕೊಡುವುದನ್ನು ಮಾತ್ರ ಮರೆಯಲಿಲ್ಲ; ಬಡ್ತಿ ಒಂದು ವರ್ಷ ಹಿಂದೆ ಬಿದ್ದದ್ದು ಅದರಿಂದಲೇ.

ಶುಕ್ರವಾರ, ಶನಿವಾರ ಅಳತೆ. ಆ ಎರಡು ದಿನಗಳ ಸಂಭ್ರಮವನ್ನು ನಾನು ಯಾವ ಪೆಂಡಾಲಿನಲ್ಲೂ ಕಂಡಿಲ್ಲ. ಮಾಮೂಲಿ ದರ್ಜಿಗಳು ಸಂಖ್ಯೆ ಕೂಗುತ್ತಾರೆ, ಸಹಾಯಕ ಬರೆದುಕೊಳ್ಳುತ್ತಾನೆ. ಇವರಲ್ಲಿ ಕೂಗೂ ಇಲ್ಲ, ಸಂಖ್ಯೆಯೂ ಇಲ್ಲ. ಹಳೆಯ ಪತ್ರಿಕೆಯನ್ನು ಉದ್ದುದ್ದ ಪಟ್ಟಿಗಳಾಗಿ ಸೀಳಿ ತಂದಿದ್ದರು. ಒಬ್ಬರಿಗೆ ಒಂದು ಪಟ್ಟಿ. ಅದನ್ನು ಎದೆಗೆ ಸುತ್ತಿ ಅಂಚಿನಲ್ಲಿ ಒಂದು ಕಚ್ಚು, ಸೊಂಟಕ್ಕೆ ಎರಡು, ಭುಜಕ್ಕೆ ಮೂರು, ತೋಳಿಗೆ ನಾಲ್ಕು. ತುದಿಯಲ್ಲಿ ಹೆಸರು. ಮುಗಿಯಿತು. ಯಾರ ಅಳತೆ ಎಷ್ಟೆಂದು ಅಳೆದವಳಿಗೂ ಗೊತ್ತಿಲ್ಲ, ಅಳೆಸಿಕೊಂಡವಳಿಗೂ ಗೊತ್ತಿಲ್ಲ!

"ಓ ಮಾ! ಇನ್ನು ಸಂಕೋಚ ಯಾಕೆ? ಉಸಿರು ಬಿಟ್ಟೇ ನಿಲ್ಲಬಹುದು," ಎಂದು ಪ್ರತಿಮಾದಿ ಹೊಟ್ಟೆ ಸಡಿಲಿಸಿದರು.

"ಕಾಮ್ರೇಡ್, ಒಂದು ಇಡೀ ಪತ್ರಿಕೆ ಸಾಕಾಗುತ್ತಾ ನಿಮಗೆ?" ಸಾಲಿನ ಹಿಂದಿನಿಂದ ಯಾರೋ ಕುಟುಕಿದರು.

"ನನ್ನದು ಸಂಪಾದಕೀಯ ಪುಟ ಕಣೇ, ನಿನ್ನದು ಬರೀ ಸಣ್ಣ ಜಾಹೀರಾತು."

ಶನಿವಾರ ಮಧ್ಯಾಹ್ನ, ದಿನದ ಕಟ್ಟಳೆಯಂತೆ, ಲೋಡ್ ಶೆಡ್ಡಿಂಗ್. ಕಿಟಕಿಯಿಲ್ಲದ ಕೋಣೆ ಕಪ್ಪಾಯಿತು. ನಮ್ಮ ಹೆಂಗಸರು ಹೋ ಎಂದು ಕೂಗಿದರು. ಕೈಸನ್ನೆಯಲ್ಲಿ ಮಾತಾಡುವವರಿಗೆ ಕತ್ತಲೆಂದರೆ ಬಾಯಿ ಕಟ್ಟಿದ ಹಾಗೆ. ಮೋಂಬತ್ತಿ ಹುಡುಕಿ ತರುವಷ್ಟರಲ್ಲಿ ಕಂಡದ್ದೇನು? ಮಾಲತಿ ಕತ್ತಲಲ್ಲೇ ಒಬ್ಬೊಬ್ಬಳ ಭುಜ ತಟ್ಟಿ ಮುಂದುವರಿಯಿರಿ ಎಂದು ಸೂಚಿಸುತ್ತಾ ನಡೆದಿದ್ದಳು. ಕಚ್ಚು ಹಾಕುವುದು ಬೆರಳಿನ ಕೆಲಸ, ಬೆಳಕು ಯಾಕೆ? ಸಂಜೆಗೆ ದಾರದ ಮೇಲೆ 412 ಪಟ್ಟಿಗಳು ತೂಗುತ್ತಿದ್ದವು.

ಅದೇ ಶನಿವಾರ ಡಿಸ್ಪೆನ್ಸರಿಯ ಲೇಡಿ ಡಾಕ್ಟರ್ ಹನ್ನೆರಡು ಮಂದಿಯನ್ನೂ ನೋಡಿದರು. ನಾನು ಬೇಡಿಕೊಂಡದ್ದು ಒಂದೇ: ಪ್ರಶ್ನೆಯನ್ನು ಬರೆದು ಅವರ ಕೈಗೇ ಕೊಡಿ. ರೇಖಾ ಎಂಬ ಸಪೂರ ಹೆಂಗಸು ಕಾಗದ ಹಿಡಿದು ಮೂಲೆಗೆ ಹೋದವಳು ಬರೆದಳು, ಬರೆದಳು, ಎರಡೂ ಬದಿ ತುಂಬಿಸಿದಳು. ಎರಡು ವರ್ಷದಿಂದ ಅತಿಯಾದ ರಕ್ತಸ್ರಾವ. ಹಿಂದೆ ಎಲ್ಲಿ ಹೋದರೂ ವೈದ್ಯರು ಕೇಳುತ್ತಿದ್ದದ್ದು ಹಾಲ್ದಾರ್‌ಬಾಬುವನ್ನು. ಅವರು ಹೇಳುತ್ತಿದ್ದದ್ದು "ಹೊಟ್ಟೆನೋವು". ಇಂಥದ್ದನ್ನು ಆ ಗಂಡಸಿಗೆ ಇವಳು ಯಾವ ಸನ್ನೆಯಲ್ಲಿ ಹೇಳಿಯಾಳು? ಡಾಕ್ಟರ್ ಹೊರಬಂದು, "ಈ ಕಾಗದ ಎರಡು ವರ್ಷದ ಹಿಂದೆ ಬರೆಸಬೇಕಿತ್ತು" ಎಂದು ದೊಡ್ಡಾಸ್ಪತ್ರೆಗೆ ಚೀಟಿ ಬರೆದರು. ಪೂಜೆ ಕಳೆದ ಮೇಲೆ ಒಂದು ಸಣ್ಣ ಆಪರೇಷನ್ ಆಯಿತು. ರೇಖಾ ಮತ್ತೆ ಯಂತ್ರಕ್ಕೆ ಬಂದಾಗ ಕೆನ್ನೆಯಲ್ಲಿ ಬಣ್ಣವಿತ್ತು.

ಮುಂದಿನ ದಿನಗಳಲ್ಲಿ ಆಫೀಸ್ ಬಿಟ್ಟವಳೇ ನೇರ ಆ ಕೋಣೆಗೆ. ಇಬ್ಬರು ಕತ್ತರಿಸುವವರು, ಹತ್ತು ಮಂದಿ ಹೊಲಿಯುವವರು, ತಲೆಗೆ ದಿನಕ್ಕೆ ನಾಲ್ಕು. ಕರೆಂಟು ಹೋದರೂ ಕಾಲ್ಮೆಟ್ಟು ನಿಲ್ಲದು. ಯಾವುದಾದರೂ ಯಂತ್ರ ಹದ ತಪ್ಪಿದರೆ ಮಾಲತಿ ಮೇಜಿನ ಮೇಲೆ ಅಂಗೈ ಇಟ್ಟು ಕಂಪನದಿಂದಲೇ ಹಿಡಿಯುತ್ತಿದ್ದಳು. ನಾನು ಗುಂಡಿ ಹಚ್ಚಲು ಕೂತೆ. ನನ್ನ ಹೊಲಿಗೆ ನೋಡಿ ಅವಳೇ ಬಿಚ್ಚಿ, ನನ್ನನ್ನು ಎಣಿಸುವ ಕೆಲಸಕ್ಕೆ ಹಾಕಿದಳು.

ಮನೆಯಲ್ಲಿ ಗಂಡ, "ಎಂತ ಮಾರಾಯ್ತಿ, ನಿನ್ನದು ಖರೀದಿಯಾ ಅಲ್ಲ ಹೊಲಿಗೆಯಾ? ಅನ್ನಕ್ಕೆ ಸಾರು ಉಂಟಾ ಇಲ್ವಾ?" ಎಂದರು.

"ಕೈ ಉಂಟಲ್ಲ ನಿಮಗೆ, ಮಾಡಿ," ಎಂದೆ. ಪಾಪ, ಮಾಡಿದರು. ಉಪ್ಪು ಮರೆತರು, ನಾನು ಹೇಳಲಿಲ್ಲ.

ಸೆಪ್ಟೆಂಬರ್ ಹದಿನೇಳು, ನಲವತ್ತನಾಲ್ಕನೆಯ ದಿನ, ಎರಡು ಟೆಂಪೊಗಳಲ್ಲಿ 824 ಬ್ಲೌಸ್ ಸಾಲ್ಟ್ ಲೇಕಿಗೆ ಬಂದವು. ಪ್ರತಿಯೊಂದು ಜೋಡಿಗೂ ಅದರದೇ ಪಟ್ಟಿ ಪಿನ್ ಆಗಿತ್ತು. ಪ್ರತಿಮಾದಿ ಮೊದಲು ಒಳಗೆ ಹೋಗಿ ತೊಟ್ಟುಕೊಂಡು ಬಂದರು. ಎರಡು ಕೈಯನ್ನೂ ಮೇಲೆತ್ತಿದರು, ಘೋಷಣೆ ಕೂಗುವಾಗಿನ ಹಾಗೆ, ಮುಷ್ಟಿ ಕಟ್ಟಿ. ಕಂಕುಳಲ್ಲಿ ಎಳೆಯಲಿಲ್ಲ.

"ಚೊಲ್ಬೆ!" ಎಂದು ಕೂಗಿದರು. ನಡೆಯುತ್ತದೆ!

ನಾನೂರು ಹೆಂಗಸರು ಅದನ್ನೇ ಕೂಗಿದರು. ಮಾಲತಿಗೆ ಕೇಳಿಸಲಿಲ್ಲ, ಆದರೆ ಅಷ್ಟು ಮುಷ್ಟಿಗಳನ್ನು ಓದಲು ಅವಳಿಗೆ ಕಿವಿ ಬೇಕಿರಲಿಲ್ಲ. ತಾನೂ ಮುಷ್ಟಿ ಎತ್ತಿದಳು. ಎಲ್ಲ ಮುಗಿದ ಮೇಲೆ ತಿದ್ದಲು ವಾಪಸ್ ಬಂದವು ಏಳು ಮಾತ್ರ.

ಅವಳು ಹೊರಡುವ ಮುಂಚೆ ನನ್ನ ಮೇಜಿನ ಮೇಲೆ ಒಂದು ಬ್ಲೌಸ್ ಇಟ್ಟಳು. ಸಪ್ಲೈಯರಿಂದ ಉಡುಗೊರೆ ಪಡೆಯುವಂತಿಲ್ಲ ಎಂದು ಬರೆದು ತೋರಿಸಿದೆ. ಅವಳು ತಲೆಯಾಡಿಸಿ, ಬ್ಲೌಸ್ ವಾಪಸ್ ಮಡಚಿ, ಅದಕ್ಕೆ ಪಿನ್ ಮಾಡಿದ್ದ ಪತ್ರಿಕೆಯ ಪಟ್ಟಿಯನ್ನು ಮಾತ್ರ ಬಿಚ್ಚಿ ಕೊಟ್ಟಳು. ನನ್ನ ಹೆಸರಿತ್ತು. ನನ್ನನ್ನು ಯಾವಾಗ ಅಳೆದೆ ಎಂದು ಕೇಳಿದೆ. ಬ್ಯಾಗ್ ಹೆಗಲಿಗೇರಿಸಿ ಎದ್ದು ನಿಲ್ಲುವ ಅಭಿನಯ ಮಾಡಿ ತೋರಿಸಿದಳು, ಕಲ್ಲಿನ ಮುಖದ ಸಮೇತ. ಪಟ್ಟಿಯಲ್ಲಿ ಭುಜದ ಕಚ್ಚುಗಳು ಎರಡು ಜಾಗದಲ್ಲಿದ್ದವು. ಬ್ಯಾಗ್ ಹೊತ್ತು ಹೊತ್ತು ನನ್ನ ಎಡಭುಜ ತುಸು ಇಳಿದಿದೆ. ಅದು ನನಗೇ ಗೊತ್ತಿರಲಿಲ್ಲ.

ಸಮಿತಿ ಕೋಣೆ ಬಿಡಿಸಲಿಲ್ಲ. ಮುಂದಿನ ವರ್ಷದ ಟೆಂಡರ್ ಪತ್ರವನ್ನು ನಾನು ಮಾಲತಿಯ ಹೆಸರಿಗೇ ಕಳಿಸಿದೆ. ಮಾತುಕತೆಗೆ ಅವಳೇ ಬಂದಳು, ಹಾಲ್ದಾರ್‌ಬಾಬು ಅವಳ ಹಿಂದೆ ಕಡತ ಹಿಡಿದು. ಆ ದಿನ ನಾನು ಕೋಣೆಯ ಕ್ಯಾಲೆಂಡರ್ ತೆಗೆಸಿಟ್ಟಿದ್ದೆ. ಪ್ರಯೋಜನವಾಗಲಿಲ್ಲ.

ನನ್ನ ವೃತ್ತಿ ಕಲಿಸಿದ್ದನ್ನು ನಿಮಗೆ ಪುಕ್ಕಟೆ ಕೊಡುತ್ತೇನೆ, ತೆಗೆದುಕೊಳ್ಳಿ. ಕಿವಿ ಕೇಳದವರು ನಿಮ್ಮ ಬ್ಯಾಂಕಿನ ಕಿಟಕಿಗೆ, ದವಾಖಾನೆಗೆ, ಅಂಗಡಿಗೆ ಬಂದರೆ ಜೊತೆಗೆ ಬಂದವರ ಮುಖ ನೋಡಬೇಡಿ, ಅವರ ಮುಖ ನೋಡಿ. ಬೆಳಕು ನಿಮ್ಮ ಮುಖದ ಮೇಲೆ ಬೀಳುವ ಹಾಗೆ ನಿಲ್ಲಿ. ಕಿರುಚಬೇಡಿ, ಪ್ರಯೋಜನವಿಲ್ಲ. ಒಂದು ಕಾಗದ, ಒಂದು ಪೆನ್ಸಿಲ್ ಸದಾ ಇಟ್ಟುಕೊಳ್ಳಿ. ಓದಲು ಬಾರದವರಾದರೆ ಚಿತ್ರ ಬರೆಯಿರಿ, ಬೆರಳು ತೋರಿಸಿ, ಕೈಸನ್ನೆ ಬಲ್ಲ ಹೆಂಗಸೊಬ್ಬಳನ್ನು ಕರೆಸಿ. ಹೆಂಗಸರ ಕಾಯಿಲೆಯಾದರಂತೂ ಹೆಂಗಸನ್ನೇ. ಅವರು ಸಹಿ ಹಾಕುವಂತಿಲ್ಲ ಎಂದು ಯಾರಾದರೂ ಹೇಳಿದರೆ ಮರ್ಯಾದೆಯಿಂದ ಪುಟಸಂಖ್ಯೆ ಕೇಳಿ. ಅವರು ಕೆಲಸ ನಿಲ್ಲಿಸಿ ಕುಳಿತರೆ ಬೈಯುವ ಮೊದಲು ಯಾವುದರ ಮೇಲೆ ಕುಳಿತಿದ್ದಾರೆ, ಏಕೆ ಕುಳಿತಿದ್ದಾರೆ ನೋಡಿ.

ಮತ್ತೆ, ಬ್ಲೌಸ್ ಹೊಲಿಸಲು ಹೋದಾಗ ಅಳತೆಯನ್ನು ಬಾಯಲ್ಲಿ ಹೇಳಬೇಡಿ. ಉಸಿರು ಬಿಟ್ಟು ನಿಂತುಕೊಳ್ಳಿ, ಅವರು ಅಳೆಯಲಿ.